ಕೊಳೆಬಟ್ಟೆಯ ಮಾತು

(ದೇವರ ಹಿಪ್ಪರಗಿಯಲ್ಲಿ ಮಾಡಿದ ಭಾಷಣ)



ಸಭೆ-ಸಂಘಗಳಲ್ಲಿ ಯಾರಾದರೂ ಲೆಕ್ಕ ಕೇಳಲು ಎದ್ದು ನಿಂತರೆ, ಮುಖಂಡರೊಬ್ಬರು ಕೈಯೆತ್ತಿ ‘ಕೊಳೆಬಟ್ಟೆಯನ್ನು ಬೀದಿಯಲ್ಲಿ ತೊಳೆಯಬಾರದು’ ಎಂದು ಉಪದೇಶಿಸುವದನ್ನು ತಾವು ಕೇಳಿರಬಹುದು. ಮಾತು ಕನ್ನಡದ್ದೆಂಬಂತೆ ತೋರುತ್ತದೆ. ಆದರೆ ಅದು ಇಂಗ್ಲೀಷ ನುಡಿಗಟ್ಟಿನ ಪಡಿಯಚ್ಚು. ಮಡಿವಾಳ ಮಾಚಿದೇವರು ಹುಟ್ಟಿದ ಈ ಊರಲ್ಲಿ ಅದನ್ನು ಕುರಿತು ನಾಲ್ಕು ಮಾತು ಆಡುವದು ಅಪ್ರಸ್ತುತವಾಗಲಾರದು.

ಇಂಗ್ಲೀಷರಿಗಾದರೂ ಇದು ಫ್ರೆಂಚರಿಂದ ಬಂದದ್ದು. ಮನೆಯ ಕೊಳೆಬಟ್ಟೆಯನ್ನು ಮನೆಯವರೊಳಗೇ ತೊಳೆದುಕೊಳ್ಳಬೇಕೆಂಬುದು ಫ್ರೆಂಚ ಗಾದೆ. 1814ರಲ್ಲಿ ಸೋಲು ಸಮೀಪಿಸಿದಾಗ, ತನ್ನ ಆಳಿಕೆಯನ್ನು ಟೀಕಿಸಿದ ಶಾಸನಸಭೆಯವರ ಮೇಲೆ ನೆಪೋಲಿಯನ್ನನು ಇದನ್ನೇ ಬೀಸಿದನು. ಗಾದೆಯಲ್ಲಿಯ ‘ಲಿನನ್’ ಎಂದರೆ ಅಗಸೆಯ ನಾರಿನ ಅರಿವೆ. ಒಳಅಂಗಿ, ಹಾಸಿಗೆಯ ಹೊದಿಕೆ ಮೊದಲಾದವುಗಳಿಗೆ ಅದೇ ಹೆಸರಾಯಿತು. (ನಮ್ಮಲ್ಲಿ ಅಗಸೆಯು ಹಿಂಡಿಗೆ ಒದಗುವದೇ ಹೊರತು ಅಂಗಿಗಲ್ಲ!) ಆದುದರಿಂದ ಆ ಮಾತು ಹೇಳುವದು ಮನೆಯೊಳಗಿನ ಗುಟ್ಟನ್ನು: ಗಂಡ-ಹೆಂಡಿರ ಮುನಿಸು, ಅಣ್ಣ-ತಮ್ಮಂದಿರ ಒಡಕು. ಪಾಲಿನ ದಾವೆಗಳಲ್ಲಿ ಒಂದೇ ತಾಯಿಯ ಮಕ್ಕಳು ಎರಡೆತ್ತು, ನಾಲ್ಕು ಪಾತ್ರೆಗಳಿಗಾಗಿ ಆ ತಾಯಿಯ ಹೆಸರನ್ನೇ ಕೋರ್ಟಿನಲ್ಲಿ ಎಳೆದಾಡಿದ್ದನ್ನು ನಾನು ಕಂಡಿದ್ದೇನೆ. ಅಲ್ಲಿ ಈ ಮಾತು ಸಲ್ಲುತ್ತದೆ. ‘ಮನೆಯ ಜಗಳ ಬೀದಿಗೆ ಬಂತು’ ಎಂದು ನಮ್ಮವರು ಅನ್ನುವದೂ ಇದನ್ನೇ.

ಆದರೆ ಹತ್ತು ಜನ ಕೂಡಿಸಿದ ಹಣ ಯಾರ ಮನೆಯ ಒಳಅಂಗಿ? ಒಂದು ಸಂಘದಲ್ಲಿ ವರ್ಗಣಿಯ ಜಮಾಖರ್ಚು ಕೇಳಿದ ಶಾಲಾಮಾಸ್ತರರೊಬ್ಬರನ್ನು ಈ ಮಾತಿನಿಂದಲೇ ಕೂಡ್ರಿಸಿದರು. ಅಂದು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬನು. ಮರುವರ್ಷ ಪೆಟ್ಟಿಗೆ ತೆರೆದಾಗ ಪಾವತಿಗಳೂ ಇಲ್ಲ, ಹಣವೂ ಇಲ್ಲ.

ಇಷ್ಟಕ್ಕೂ ನಮ್ಮ ನಾಡಿನಲ್ಲಿ ಅರಿವೆ ತೊಳೆಯುತ್ತ ಬಂದದ್ದು ಹಳ್ಳದ ದಂಡೆಯಲ್ಲಿ, ಹೋಗಿಬರುವವರ ಕಣ್ಣೆದುರಿಗೆ. ಅದರಲ್ಲಿ ನಾಚಿಕೆ ಎಲ್ಲಿಯದು? 12ನೆಯ ಶತಮಾನದಲ್ಲಿ ಮಾಚಿದೇವರು ಕಲ್ಯಾಣದ ಶರಣರ ಬಟ್ಟೆಗಳನ್ನು ಮಡಿ ಮಾಡಿದರು. ನೀಡುವವನು ತಾನೆಂಬ ಹಮ್ಮು ಸುಳಿದಾಗ ಬಸವಣ್ಣನವರನ್ನೂ ಬಿಡದೆ ಎಚ್ಚರಿಸಿದರೆಂದು ಶರಣಪರಂಪರೆಯು ಹೇಳುತ್ತದೆ. ಬಸವಣ್ಣನವರ ಹಿರಿಮೆಗೆ ಕುಂದೆಂದು ಆ ಕಥೆಯನ್ನು ಯಾರೂ ಮುಚ್ಚಿಡಲಿಲ್ಲ. ಇಂದಿಗೂ ಹೇಳುತ್ತಾರೆ, ಕೇಳುತ್ತಾರೆ.

ನಾನು ಹೇಳಿದ ಆ ಮಾಸ್ತರರು ಈಗ ಇದೇ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರ ಮನೆಗೆ ಹೋಗಿ ಮೆಲ್ಲಗೆ ಹೇಳಿ ಬರಬಹುದಾಗಿತ್ತು. ಆದರೆ ಚಪ್ಪಾಳೆ ತಟ್ಟಿದ್ದು ಎಲ್ಲರೆದುರಿಗೆ. ಕ್ಷಮೆಯನ್ನೂ ಇಲ್ಲಿಯೇ ಬೇಡುತ್ತೇನೆ.