ನ್ಯಾಯದ ಬೆಲೆ ಯಾರ ಕೈ ಸೇರುತ್ತದೆ?

(ಕಲಘಟಗಿ ಸೀಮೆಯ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಲಘಟಗಿಯು ಮಲೆನಾಡಿನ ಸೆರಗು. ಪೂರ್ವಕ್ಕೆ ಸಾಗಿದರೆ ಕುಂದಗೋಳ, ಅಣ್ಣಿಗೇರಿ, ನವಲಗುಂದಗಳ ಎರೆಭೂಮಿ. ನಾವು ಭತ್ತ, ಗೋವಿನಜೋಳ ಬೆಳೆದು ಮಾರುತ್ತೇವೆ. ನಮ್ಮ ಸಾರಿಗೆ ಕೆಂಪು ಕೊಡುವ ಬ್ಯಾಡಗಿ ಮೆಣಸಿನಕಾಯಿಯನ್ನು ಆ ಎರೆಯವರಿಂದ ಕೊಳ್ಳುತ್ತೇವೆ. ಮಾರುವವರೂ ಕೊಳ್ಳುವವರೂ ಆಗಿರುವ ನಾವು ‘ನ್ಯಾಯಯುತ ವ್ಯಾಪಾರ’ವೆಂಬ ಕ್ರಮವನ್ನು ಎರಡೂ ಕಡೆಯಿಂದ ತೂಗಿ ನೋಡಬಲ್ಲೆವು.

1988ರಲ್ಲಿ ಮೆಕ್ಸಿಕೋದ ಸಣ್ಣ ಹಿಡುವಳಿದಾರರ ಕಾಫಿಯು ‘ಮ್ಯಾಕ್ಸ್ ಹ್ಯಾವೆಲಾರ್’ ಎಂಬ ಮುದ್ರೆಯೊಡನೆ ನೆದರ್ಲೆಂಡ್ಸಿನ ಅಂಗಡಿಗಳಿಗೆ ಬಂದಿತು. ಮುಂದೆ ಹಲವು ದೇಶಗಳಿಗೆ ಹಬ್ಬಿದ ಈ ಕ್ರಮದ ಕರಾರು ಎರಡು: ಪೇಟೆ ಎಷ್ಟೇ ಕುಸಿದರೂ ಬೆಳೆಗಾರರ ಸಂಘಕ್ಕೆ ಒಂದು ಕನಿಷ್ಠ ಬೆಲೆ, ಅದರ ಮೇಲೆ, ಸಂಘವೇ ಸಭೆ ಸೇರಿ ಊರಿನ ಒಳಿತಿಗೆ ವಿನಿಯೋಗಿಸುವ ಹೆಚ್ಚುವರಿ ಹಣ. 2001ರಲ್ಲಿ ಅಂತರರಾಷ್ಟ್ರೀಯ ಕಾಫಿ ಬೆಲೆಯು ಪೌಂಡಿಗೆ 50 ಸೆಂಟಿಗಿಂತಲೂ ಕೆಳಗಿಳಿದು ಕೊಡಗು, ಚಿಕ್ಕಮಗಳೂರುಗಳ ಬೆಳೆಗಾರರೂ ತತ್ತರಿಸಿದರು. ಆಗ ಮುದ್ರೆಯ ಅರೇಬಿಕಾ ಕಾಫಿಗೆ 126 ಸೆಂಟ್ ದೊರೆಯುತ್ತಿತ್ತು. ಕೊಳ್ಳುವವನ ವಿವೇಕ ಬೆಳೆಯುವವನನ್ನು ಉಳಿಸಬಲ್ಲುದು ಎಂಬುದಕ್ಕೆ ಇದು ಸಾಕ್ಷಿ.

ಆದರೆ ಮುದ್ರೆಯೊಂದೇ ನ್ಯಾಯವಲ್ಲ. ಮುದ್ರೆ ಪಡೆದ ಸಂಘಗಳು ಅನೇಕ ವೇಳೆ ಬೆಳೆಯ ಒಂದು ಭಾಗವನ್ನಷ್ಟೇ ಆ ಬೆಲೆಗೆ ಮಾರಲು ಸಾಧ್ಯವಾಗುತ್ತದೆ. ಉಳಿದದ್ದು ಸಾಮಾನ್ಯ ಪೇಟೆಗೇ ಹೋಗುತ್ತದೆ. ಲಂಡನ್ನಿನ ಸೋಯಾಸ್ ವಿದ್ಯಾಸಂಸ್ಥೆಯ ಸಂಶೋಧಕರು ಇಥಿಯೋಪಿಯಾ, ಉಗಾಂಡಾಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನೂ ಕಹಿಯಾದ ಸಂಗತಿಯನ್ನು ತಿಳಿಸಿತು: ಮುದ್ರೆಯಿರುವ ಕಡೆಗಳಲ್ಲಿ ಕೂಲಿಕಾರರ ಸ್ಥಿತಿ ಬೇರೆಡೆಗಿಂತ ಉತ್ತಮವಾಗಿರಲಿಲ್ಲ. ಹೊಲದ ಒಡೆಯನಿಗೆ ತಲುಪಿದ ನ್ಯಾಯ ಕೂಲಿಯವಳವರೆಗೆ ನಡೆದು ಬರಲಿಲ್ಲ.

ಈಗ ನಮ್ಮ ಎರೆಯ ಕಡೆ ತಿರುಗೋಣ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಅದು ಹೆಸರನ್ನು ಕಾಯುತ್ತದೆಯೇ ಹೊರತು ಬೆಲೆಯನ್ನಲ್ಲ. ಬೀಜಕ್ಕೂ ಗೊಬ್ಬರಕ್ಕೂ ಉದ್ದರಿ ಮಾಡಿದ ರೈತ, ಕಾಯಿ ಒಣಗಿದೊಡನೆ ಚೀಲ ಕಟ್ಟಿ ಪೇಟೆಗೆ ಒಯ್ಯಲೇಬೇಕು. ಅದೇ ವಾರ ಎಲ್ಲರ ಚೀಲಗಳೂ ಅಲ್ಲಿಗೇ ಬರುತ್ತವೆ. 2024ರ ಮಾರ್ಚ್ 11ರಂದು ಬ್ಯಾಡಗಿ ಪೇಟೆಯಲ್ಲಿ ಬೆಲೆ ಕುಸಿದು, ರೊಚ್ಚಿಗೆದ್ದವರು ಕಚೇರಿಗೂ ವಾಹನಗಳಿಗೂ ಬೆಂಕಿಯಿಟ್ಟರು. ಬೆಂಕಿಯನ್ನು ಯಾರೂ ಮೆಚ್ಚಲಾರರು; ಆದರೆ ವರ್ಷದ ದುಡಿಮೆಗೆ ಒಂದು ಮುಂಜಾನೆ ಬೆಲೆ ಕಟ್ಟುವ ಕ್ರಮವನ್ನು ಮೆಚ್ಚುವುದು ಹೇಗೆ? 1980ರ ಜುಲೈ 21ರಂದು ನವಲಗುಂದದಲ್ಲಿ ಗುಂಡಿಗೆ ಎದೆಯೊಡ್ಡಿದ ನಾಡಿನವರಿಗೆ ನ್ಯಾಯದ ಮಾತನ್ನು ಹೊರಗಿನವರು ಕಲಿಸಬೇಕಾಗಿಲ್ಲ.

ಹಾಗಾದರೆ ನಾವು ಮಾಡಬಹುದಾದುದೇನು? ನಮ್ಮ ಮನೆಗಳಲ್ಲಿ ವರ್ಷದ ಕಾರಕ್ಕೆ ಬೇಕಾದ ಕಾಯಿಯನ್ನು ಬೇಸಿಗೆಯಲ್ಲಿ ಒಮ್ಮೆಗೇ ಕೊಳ್ಳುವ ರೂಢಿಯಿದೆ. ಐವತ್ತು ಮನೆಗಳು ತಲಾ ಐದು ಕಿಲೋ ಎಂದರೂ ಎರಡೂವರೆ ಕ್ವಿಂಟಲ್. ಕುಂದಗೋಳದ ಕಡೆಯ ಕೆಲವು ರೈತರೊಡನೆ ಬಿತ್ತನೆಗೆ ಮುನ್ನವೇ ಕುಳಿತು ಮಾತನಾಡೋಣ. ಇದಕ್ಕಿಂತ ಕಡಿಮೆಯಿಲ್ಲವೆಂಬ ಬೆಲೆಯನ್ನು ಬರೆದಿಡೋಣ. ಪೇಟೆ ಏರಿದರೆ ಪೇಟೆಯ ಬೆಲೆಯನ್ನೇ ಕೊಡೋಣ. ಮುಂಗಡವಾಗಿ ಒಂದು ಪಾಲು ಕೊಟ್ಟರೆ ಅಷ್ಟರಮಟ್ಟಿಗೆ ಉದ್ದರಿ ತಪ್ಪುತ್ತದೆ. ಕಾಯಿ ಬಿಡಿಸುವ ಹೆಣ್ಣುಮಕ್ಕಳ ಕೂಲಿ ಎಷ್ಟೆಂಬುದೂ ಅದೇ ಕಾಗದದಲ್ಲಿರಲಿ. ಮಾತುಕತೆಗೆ ಅವರೂ ಬರಲಿ.

ಎರಡೂವರೆ ಕ್ವಿಂಟಲಿನಿಂದ ಬ್ಯಾಡಗಿಯ ಪೇಟೆ ಬದಲಾಗುವುದಿಲ್ಲ. ಸರ್ಕಾರದ ಬೆಂಬಲ ಬೆಲೆ, ಶೀತಲಗೃಹಗಳ ಬೇಡಿಕೆಯನ್ನು ನಾವು ಕೈಬಿಡಬೇಕಾಗಿಯೂ ಇಲ್ಲ. ಆದರೆ ಒಂದೆರಡು ಮನೆಗಳವರು ಆ ವಾರ ಸಿಕ್ಕ ಬೆಲೆಗೆ ಎಲ್ಲವನ್ನೂ ಸುರಿದು ಬರುವುದು ತಪ್ಪೀತು. ವಿದ್ಯಾರ್ಥಿಗಳು ಲೆಕ್ಕ ಬರೆಯುವ ಹೊಣೆ ಹೊರಲಿ: ನಾವು ಕೊಟ್ಟ ಪ್ರತಿ ರೂಪಾಯಿಯಲ್ಲಿ ರೈತನಿಗೆಷ್ಟು, ಕೂಲಿಗೆಷ್ಟು, ಸಾಗಣೆಗೆಷ್ಟು ಎಂಬುದು ಊರಿನ ಚಾವಡಿಯಲ್ಲಿ ಎಲ್ಲರಿಗೂ ಕಾಣುವಂತಿರಲಿ. ಆ ಕಾಗದವೇ ನಮ್ಮ ಮುದ್ರೆ. ಬರುವ ಮುಂಗಾರಿಗೆ ಮುನ್ನ ಒಂದು ಊರಾದರೂ ಇದನ್ನು ಆರಂಭಿಸಲೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.