ಹಾಸಿಗೆ ಹಿಡಿದವರ ಮನಸ್ಸು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನನ್ನ ಎಂಟನೇ ತರಗತಿಯ ಹುಡುಗನೊಬ್ಬ ಹುಣಸೆ ಮರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಮೂರು ತಿಂಗಳು ಹಾಸಿಗೆ ಬಿಟ್ಟೇಳಬಾರದೆಂದು ವೈದ್ಯರು ಹೇಳಿದ್ದರು. ನೋಡಲು ಹೋದ ನಾನು, "ಪಾಠದ ಚಿಂತೆ ಬಿಡು ಬೇಟಾ, ಆರಾಮ್ ಮಾಡು" ಎಂದು ದಿಂಬಿನ ಬಳಿಯಿದ್ದ ಪುಸ್ತಕಗಳನ್ನು ತಾಯಿಯ ಕೈಗೆ ಕೊಟ್ಟು ಒಳಗಿಡಿಸಿದೆ. ದೊಡ್ಡ ಉಪಕಾರ ಮಾಡಿದೆನೆಂದೇ ಭಾವಿಸಿದ್ದೆ.

ಒಂದೂವರೆ ತಿಂಗಳ ನಂತರ ಹೋದಾಗ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ. ಇಂದು ಯಾವ ವಾರವೆಂದು ತಿಳಿಯದು. ಊಟ ಬೇಡ, ಮಾತು ಬೇಡ, ಪುಟ್ಟ ತಂಗಿಯ ಮೇಲೂ ಸಿಟ್ಟು. ಮೂಳೆ ಕೂಡುತ್ತಿತ್ತು, ಹುಡುಗ ಕುಗ್ಗುತ್ತಿದ್ದ.

ನನ್ನ ತಪ್ಪು ಹೊಸದಲ್ಲ. ಅಮೆರಿಕದ ಲೇಖಕಿ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಹೆರಿಗೆಯ ನಂತರ ಖಿನ್ನತೆಗೆ ಒಳಗಾಗಿದ್ದರು. 1887ರಲ್ಲಿ ವೀರ್ ಮಿಚೆಲ್ ಎಂಬ ಪ್ರಸಿದ್ಧ ವೈದ್ಯರು ಅವರನ್ನು ಹಾಸಿಗೆಯಲ್ಲಿ ಮಲಗಿಸಿ "ವಿಶ್ರಾಂತಿ ಚಿಕಿತ್ಸೆ" ಕೊಟ್ಟರು. ಮನೆಗೆ ಕಳುಹಿಸುವಾಗ, ಇನ್ನು ಬದುಕಿರುವವರೆಗೆ ಲೇಖನಿ ಮುಟ್ಟಬೇಡಿ ಎಂದರು. ಮೂರು ತಿಂಗಳು ಹಾಗೆಯೇ ನಡೆದುಕೊಂಡ ಆಕೆ ಬುದ್ಧಿಭ್ರಮಣೆಯ ಅಂಚಿಗೆ ಹೋದರು. ಮತ್ತೆ ಕೆಲಸ ಕೈಗೆತ್ತಿಕೊಂಡ ಮೇಲೆಯೇ ಚೇತರಿಸಿಕೊಂಡರು. ಆ ಅನುಭವವನ್ನೇ 1892ರಲ್ಲಿ ಕಥೆಯಾಗಿ ಪ್ರಕಟಿಸಿದರು.

ನಮ್ಮ ದೇಹದ ಗಡಿಯಾರ ನಡೆಯುವುದು ಬಿಸಿಲು ಮತ್ತು ಓಡಾಟದಿಂದ. ಅವೆರಡೂ ಇಲ್ಲದಾಗ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮನಸ್ಸೂ ಕೆಡುತ್ತದೆ. ಮೂತ್ರಕ್ಕೂ ಇನ್ನೊಬ್ಬರನ್ನು ಕರೆಯಬೇಕಾದವನ ನಾಚಿಕೆಯನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಹಳ ದಿನ ಮಲಗಿದ ವೃದ್ಧರಲ್ಲಿ ಕೆಲವರಿಗೆ ಮನೆಯವರ ಗುರುತೂ ತಪ್ಪುವುದುಂಟು. ಹಾಗೆಂದು ವೈದ್ಯರ ಮಾತು ಮೀರಿ ಯಾರನ್ನೂ ಎಬ್ಬಿಸಬಾರದು. ಮಲಗಿದಲ್ಲೇ ಮಾಡಬಹುದಾದದ್ದು ಬಹಳವಿದೆ.

ನಿಂತು ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಜ್ ಮಾಡಬೇಕೆಂದು ನಮ್ಮ ಪ್ರವಾದಿಯವರು (ಸ.ಅ.) ಕಲಿಸಿದ್ದಾರೆ. ಇದರ ಇನ್ನೊಂದು ಉಪಕಾರ ನನಗೆ ಆ ಹುಡುಗನ ಮನೆಯಲ್ಲಿ ಅರ್ಥವಾಯಿತು. ಫಜರ್‌ನಿಂದ ಇಶಾವರೆಗೆ ಅವನ ದಿನಕ್ಕೆ ಮತ್ತೆ ಬೆಳಗು, ಸಂಜೆ ಬಂದವು. ಮಂಚವನ್ನು ಕಿಟಕಿಯ ಬಳಿಗೆ ಸರಿಸಿದೆವು. ಗೆಳೆಯರು ಸರದಿಯಂತೆ ಅಸರ್ ನಂತರ ಬಂದು ಆ ದಿನದ ಪಾಠ ಹೇಳಿದರು. ನಾನು ತರಗತಿಯ ಉಕ್ತಲೇಖನದ ಪುಸ್ತಕಗಳನ್ನು ತಿದ್ದಲು ಅವನಿಗೇ ಕೊಟ್ಟೆ, ಕೆಂಪು ಪೆನ್ನಿನ ಸಮೇತ.

ಇಯಾದತ್ ನಮ್ಮಲ್ಲಿ ದೊಡ್ಡ ಪುಣ್ಯದ ಕೆಲಸ. ಆದರೆ ಕೆಲವರು ಬಂದು ಕುಳಿತು, ಇದೇ ಕಾಯಿಲೆಯಲ್ಲಿ ಯಾರು ಯಾರು ತೀರಿಕೊಂಡರೆಂದು ವಿವರಿಸಿ ಹೋಗುತ್ತಾರೆ! ರೋಗಿಯ ದುಃಖ ಎರಡು ವಾರ ಕಳೆದರೂ ಇಳಿಯದಿದ್ದರೆ ವೈದ್ಯರಿಗೆ ತಿಳಿಸಿ. ಬದುಕು ಬೇಡವೆಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಹುಡುಗ ನಾಲ್ಕನೇ ತಿಂಗಳು ಊರುಗೋಲು ಹಿಡಿದು ಶಾಲೆಗೆ ಬಂದ. ಅವನು ತಿದ್ದಿದ ಪುಸ್ತಕಗಳನ್ನು ನಾನು ಮತ್ತೊಮ್ಮೆ ನೋಡಿದ್ದೆ. ಹಿಂದೆ ನಾನೇ ಸರಿ ಹಾಕಿದ್ದ ಪುಟದಲ್ಲಿ ಎರಡು ಒತ್ತಕ್ಷರದ ತಪ್ಪುಗಳಿಗೆ ಅವನು ಕೆಂಪು ಗೆರೆ ಎಳೆದಿದ್ದ.