ಬಂಡೆಯ ಮೇಲೆ ಬಂಡೆ ಪೇರಿಸಿದವರು ಯಾರು?



ಹೈದರಾಬಾದಿಗೆ ಪ್ರವಾಸ ಹೋದವರೆಲ್ಲ ಚಾರ್‌ಮಿನಾರ್ ನೋಡುತ್ತಾರೆ, ಹುಸೇನ್ ಸಾಗರದಲ್ಲಿ ದೋಣಿ ಏರುತ್ತಾರೆ, ಗೋಲ್ಕೊಂಡ ಕೋಟೆ ಹತ್ತುತ್ತಾರೆ. ಕೋಟೆಯ ಬಾಗಿಲಲ್ಲಿ ತಟ್ಟಿದ ಚಪ್ಪಾಳೆ ಗುಡ್ಡದ ತುದಿಯ ಬಾಲಾ ಹಿಸಾರ್‌ವರೆಗೂ ಕೇಳುತ್ತದೆ. ನೀವೂ ತಟ್ಟಿ ನೋಡಿ. ಆಮೇಲೆ ಮೆಟ್ಟಿಲು ಹತ್ತುವಾಗ ಒಂದು ಕಡೆ ನಿಂತು ಸುತ್ತಲಿನ ಕಲ್ಲುಗಳ ಕಡೆ ಕಣ್ಣು ಹಾಯಿಸಿ. ಆನೆಗಿಂತ ದೊಡ್ಡ ದುಂಡು ಬಂಡೆಗಳು ಒಂದರ ಮೇಲೊಂದು ಕೂತಿವೆ. ಕೆಲವು ಈಗಲೋ ಆಗಲೋ ಉರುಳಿಬಿಡುತ್ತವೆ ಅನ್ನಿಸುತ್ತದೆ. ಕೋಟೆ ಕಟ್ಟಿದವರು ಅವನ್ನು ಕದಲಿಸದೆ, ಗೋಡೆಯನ್ನೇ ಬಂಡೆಗಳಿಗೆ ಹೊಂದಿಸಿ ಕಟ್ಟಿದ್ದಾರೆ.

ಇವನ್ನು ಹೀಗೆ ಪೇರಿಸಿದವರು ಯಾರು? ನಮ್ಮ ಹಂಪಿಯಲ್ಲೂ ಇಂಥವೇ ಬಂಡೆಗಳಿವೆ. ವಾಲಿ ಸುಗ್ರೀವರು ಜಗಳವಾಡುತ್ತ ಎಸೆದಾಡಿದ ಕಲ್ಲುಗಳವು ಎಂದು ಅಲ್ಲಿನವರು ಕಥೆ ಹೇಳುತ್ತಾರೆ. ವಿಜ್ಞಾನ ಹೇಳುವುದೂ ಅಷ್ಟೇ ಅಚ್ಚರಿಯ ಸಂಗತಿ. ಬಂಡೆಗಳನ್ನು ಯಾರೂ ಎಲ್ಲಿಂದಲೂ ತರಲಿಲ್ಲ. ಅವು ಹುಟ್ಟಿದ ಜಾಗದಲ್ಲೇ ಇವೆ. ಅವುಗಳ ಸುತ್ತ ಇದ್ದದ್ದು ಮಾತ್ರ ಹೊರಟುಹೋಗಿದೆ.

ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿನ ನೆಲದ ಆಳದಲ್ಲಿ ಕರಗಿದ ಕಲ್ಲಿನ ಪಾಕ ನಿಧಾನವಾಗಿ ಆರಿತು. ನಿಧಾನವಾಗಿ ಆರಿದ್ದರಿಂದ ಅದರೊಳಗಿನ ಹರಳುಗಳಿಗೆ ದೊಡ್ಡದಾಗಿ ಬೆಳೆಯಲು ಸಮಯ ಸಿಕ್ಕಿತು. ಹಾಗೆ ಆದದ್ದೇ ಗ್ರಾನೈಟ್. ಬಂಡೆಯನ್ನು ಹತ್ತಿರದಿಂದ ನೋಡಿದರೆ ಆ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಗಾಜಿನ ಹಾಗೆ ಹೊಳೆಯುವುದು ಬೆಣಚುಕಲ್ಲು, ಗುಲಾಬಿ ಇಲ್ಲವೇ ಬಿಳಿ ಬಣ್ಣದ್ದು ಫೆಲ್ಡ್‌ಸ್ಪಾರ್, ಕಪ್ಪಗೆ ಮಿನುಗುವುದು ಅಭ್ರಕ. ಹಂಪಿಯೂ ಹೈದರಾಬಾದೂ ಒಂದೇ ಪುರಾತನ ಭೂಖಂಡದ ಭಾಗಗಳು. ಭೂವಿಜ್ಞಾನಿಗಳು ಅದನ್ನು ನಮ್ಮ ಧಾರವಾಡದ ಹೆಸರಿನಿಂದಲೇ ಧಾರವಾಡ ಕ್ರೇಟಾನ್ ಎಂದು ಕರೆಯುತ್ತಾರೆ.

ಕಾಲ ಕಳೆದಂತೆ ಈ ಗ್ರಾನೈಟಿನ ಮೇಲಿದ್ದ ನೆಲ ಸವೆಯಿತು. ಮೇಲಿನ ಭಾರ ಇಳಿದಾಗ ಕಲ್ಲು ತುಸು ಹಿಗ್ಗಿ ಬಿರುಕು ಬಿಟ್ಟಿತು. ಉದ್ದಕ್ಕೆ, ಅಡ್ಡಕ್ಕೆ, ಮೇಲಿಂದ ಕೆಳಕ್ಕೆ ಬಿರುಕುಗಳು ಹಾದು, ನೆಲದೊಳಗೇ ದೊಡ್ಡ ದೊಡ್ಡ ಚೌಕದ ತುಂಡುಗಳಾದವು. ಆಗ ಕೆಲಸಕ್ಕೆ ಇಳಿದದ್ದು ನೀರು.

ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಅದು ಬಿರುಕುಗಳಲ್ಲಿ ಇಳಿದು ಫೆಲ್ಡ್‌ಸ್ಪಾರನ್ನು ಮೆಲ್ಲಗೆ ಜೇಡಿಮಣ್ಣಾಗಿಸುತ್ತದೆ. ಬೆಣಚುಕಲ್ಲು ಹಾಗೆ ಸೋಲುವುದಿಲ್ಲ, ಮರಳಿನ ಕಣವಾಗಿ ಉದುರುತ್ತದೆ. ಇನ್ನು ಚೌಕದ ಕಲ್ಲು ದುಂಡಗಾಗುವುದು ಹೇಗೆ? ಚೌಕದ ಅಚ್ಚುಬೆಲ್ಲವೊಂದನ್ನು ಬಟ್ಟಲು ನೀರಿನಲ್ಲಿಟ್ಟು ನೋಡಿ. ಮೊದಲು ಕರಗುವುದು ಮೂಲೆಗಳು. ನೀರು ಮೂಲೆಗೆ ಮೂರು ಕಡೆಯಿಂದ ತಾಗುತ್ತದೆ, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ನೆಲದೊಳಗಿನ ಗ್ರಾನೈಟಿಗೆ ಆದದ್ದೂ ಇದೇ. ಬೆಲ್ಲಕ್ಕೆ ಕೆಲವು ನಿಮಿಷ ಸಾಕು, ಬಂಡೆಗೆ ಲಕ್ಷಾಂತರ ವರ್ಷ ಬೇಕು. ಕೊನೆಗೆ ಮೆತ್ತಗಾದ ಮಣ್ಣನ್ನೂ ಮರಳನ್ನೂ ಮಳೆ ತೊಳೆದುಕೊಂಡು ಹೋಯಿತು. ಗಟ್ಟಿಯಾಗಿ ಉಳಿದ ದುಂಡು ತಿರುಳುಗಳು ಇದ್ದ ಹಾಗೇ ಒಂದರ ಮೇಲೊಂದು ಕೂತವು.

ಇಂಥ ಕಲ್ಲುನೆಲ ನೀರನ್ನು ಸುಲಭವಾಗಿ ಕುಡಿಯುವುದಿಲ್ಲ. ಹೈದರಾಬಾದ್ ಮರುಭೂಮಿಯಲ್ಲ, ಆದರೆ ಮಳೆ ಕಡಿಮೆಯಿರುವ ಅರೆಒಣ ಸೀಮೆ. ಬಿದ್ದ ಮಳೆಯಲ್ಲಿ ಒಂದು ಪಾಲು ಮೇಲೇ ಹರಿದುಹೋಗುತ್ತದೆ. ಅದಕ್ಕೇ ಇಲ್ಲಿನ ಜನ ಕೆರೆಗಳನ್ನು ಕಟ್ಟಿದರು. ಹುಸೇನ್ ಸಾಗರ 16ನೇ ಶತಮಾನದ್ದು. ಅದರ ನಡುವೆ 1992ರಲ್ಲಿ ನಿಲ್ಲಿಸಿದ ಬುದ್ಧನ ವಿಗ್ರಹ ಕೂಡ ಒಂದೇ ಗ್ರಾನೈಟ್ ಕಲ್ಲಿನದು. ಊರಿನ ನಡುವೆ ಹರಿಯುವ ಮೂಸಿ ನದಿ ಅನಂತಗಿರಿ ಬೆಟ್ಟದಲ್ಲಿ ಹುಟ್ಟಿ ಮುಂದೆ ಕೃಷ್ಣೆಯನ್ನು ಸೇರುತ್ತದೆ. 1908ರ ಸೆಪ್ಟೆಂಬರಿನಲ್ಲಿ ಭಾರೀ ಮಳೆ ಸುರಿದು, ಮೇಲಿನ ಅನೇಕ ಕೆರೆಗಳ ಏರಿ ಒಡೆದು, ಇದೇ ಮೂಸಿ ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಪರಿಹಾರ ಹುಡುಕಲು ನಿಜಾಮರ ಸರ್ಕಾರ ಕರೆಸಿಕೊಂಡದ್ದು ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಭಾಗದಲ್ಲೇ ನೆರೆಯನ್ನು ತಡೆದು ನಿಲ್ಲಿಸಬೇಕು ಎಂದು ಅವರು ಯೋಜನೆ ಕೊಟ್ಟರು. ಮೂಸಿಗೆ ಕಟ್ಟಿದ ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು, ಅದರ ಉಪನದಿ ಈಸಿಗೆ ಕಟ್ಟಿದ ಹಿಮಾಯತ್ ಸಾಗರ 1927ರಲ್ಲಿ. ಉಸ್ಮಾನ್ ಸಾಗರವನ್ನು ಊರವರು ಗಂಡಿಪೇಟೆ ಎನ್ನುತ್ತಾರೆ. ರಜೆಯ ದಿನ ಬುತ್ತಿ ಕಟ್ಟಿಕೊಂಡು ಅದರ ದಡಕ್ಕೆ ಹೋಗುವವರು ಬಹಳ.

ಬಂಡೆಗಳ ನಡುವೆ ನಡೆಯಲು, ಹತ್ತಲು ಇಷ್ಟವಿದ್ದವರಿಗೆ ಖಾಜಾಗುಡ ಗುಡ್ಡಗಳಿವೆ. ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದಲ್ಲಿ ಅಣಬೆಯ ಆಕಾರದ ಹೆಸರಾಂತ ಬಂಡೆಯಿದೆ. ಆದರೆ ಊರು ಬೆಳೆದಂತೆ ಮನೆ, ರಸ್ತೆಗಳಿಗಾಗಿ ಎಷ್ಟೋ ಬಂಡೆಗಳನ್ನು ಸಿಡಿಮದ್ದಿಟ್ಟು ಒಡೆದಿದ್ದಾರೆ. ಇದನ್ನು ಕಂಡು ಮರುಗಿದವರು 1996ರಲ್ಲಿ ಬಂಡೆಗಳನ್ನು ಉಳಿಸಲೆಂದೇ ಒಂದು ಸಂಘ ಕಟ್ಟಿದರು. ಅವರು ಜನರನ್ನು ಬಂಡೆಗಳ ಬಳಿಗೆ ನಡಿಗೆಗೆ ಕರೆದೊಯ್ಯುತ್ತಾರೆ. ಕಡಿದ ಮರದ ಜಾಗದಲ್ಲಿ ಸಸಿ ನೆಡಬಹುದು. ಒಡೆದ ಬಂಡೆಯ ಜಾಗದಲ್ಲಿ ಇನ್ನೊಂದನ್ನು ಬೆಳೆಸಲು ನಮ್ಮಿಂದ ಆಗದು. ಆದ್ದರಿಂದ ಅವುಗಳ ಮೇಲೆ ಹೆಸರು ಕೆತ್ತಬೇಡಿ, ಬಣ್ಣ ಬಳಿಯಬೇಡಿ.

ಗೋಲ್ಕೊಂಡಕ್ಕೋ ಹಂಪಿಗೋ ಹೋದಾಗ ಒಂದು ಪತ್ತೇದಾರಿ ಕೆಲಸ ಮಾಡಿ. ಒಂದರ ಮೇಲೊಂದು ಕೂತ ಎರಡು ಬಂಡೆಗಳನ್ನು ಆರಿಸಿಕೊಂಡು ಹರಳುಗಳ ಬಣ್ಣ, ಗಾತ್ರ ಹೋಲಿಸಿ. ಬೆಣಚುಕಲ್ಲಿನ ಬಿಳಿ ಪಟ್ಟಿಯೇನಾದರೂ ಕೆಳಗಿನ ಬಂಡೆಯಿಂದ ಮೇಲಿನದಕ್ಕೆ ಅದೇ ಸಾಲಿನಲ್ಲಿ ಮುಂದುವರಿದಿದೆಯೇ ಎಂದು ಹುಡುಕಿ. ಅಂಥ ಪಟ್ಟಿ ಸಿಕ್ಕರೆ, ಆ ಎರಡು ಬಂಡೆಗಳು ಹಿಂದೆ ಒಂದೇ ಕಲ್ಲಾಗಿದ್ದವು, ಅವನ್ನು ಯಾರೂ ತಂದು ಪೇರಿಸಲಿಲ್ಲ ಎಂಬುದಕ್ಕೆ ನೀವೇ ಸಾಕ್ಷಿ ಹಿಡಿದಂತಾಯಿತು.